ಬಾಡಿಗೆ ಅಂಗಡಿಗೆ ಹಾಕ್ಸಿದ ಸಾಮಾನು ಯಾರ್ದು, ಖರ್ಚು ಯಾರ ಮೇಲೆ? – ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿರಸಿಯಲ್ಲಿ ಏಳು ವರ್ಷ ಬಾಡಿಗೆ ಮಳಿಗೆಯಲ್ಲಿ ಬೇಕರಿ ನಡೆಸ್ದವ, ಈಗ ಕಾರವಾರದಲ್ಲಿ ಅಂಗಡಿ, ಖಾನಾವಳಿ, ಸಣ್ಣಪುಟ್ಟ ಕಾರ್ಖಾನೆಗಳ ಲೆಕ್ಕ ಬರೀತೀನಿ, ಜಿಎಸ್‌ಟಿ ತುಂಬ್ತೀನಿ. ವಕೀಲ ಅಲ್ಲ. ಆದ್ರೆ ಲೆಕ್ಕದ ಪುಸ್ತಕ ತಗೊಂಡು ಬರೋರಲ್ಲಿ ತುಂಬಾ ಜನ ಕೊನೆಗೆ ಇದೇ ವಿಷಯಕ್ಕೆ ಬಂದು ನಿಲ್ತಾರೆ – "ನಾನು ಹಾಕ್ಸಿದ ಎಸಿ ಅವರು ಬಿಡ್ತಾ ಇಲ್ಲ", "ಮೀಟರ್ ದೊಡ್ಡದು ಮಾಡ್ಸಿದ ದುಡ್ಡು ಯಾರು ಕೊಡ್ತಾರೆ" ಅಂತ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಒಂದೇ ಕಡೆ ಬರ್ದಿಡ್ತಾ ಇದೀನಿ. ನಿಮ್ಮ ಕೇಸು ಕೋರ್ಟಿಗೆ ಹೋಗೋ ಹಂತದಲ್ಲಿದ್ರೆ ಇದನ್ನ ಓದಿ ಆದ್ಮೇಲೂ ವಕೀಲರನ್ನ ನೋಡಲೇಬೇಕು.

ಬಾಡಿಗೆ ಅಂಗಡಿಗೆ ನಾವು ಹೊಸ ಮಶೀನು, ಎಸಿ, ವೈರಿಂಗ್ ಹಾಕ್ಸಿದ್ರೆ ಮಾಲಕರು ಖರ್ಚು ಕೊಡ್ಲೇಬೇಕಾ?

ಕರಾರಿನಲ್ಲಿ ಬರೆದಿಲ್ಲ ಅಂದ್ರೆ ಇಲ್ಲ. ಇದು ಕೇಳೋಕೆ ಕಷ್ಟ ಆಗುತ್ತೆ, ಆದ್ರೆ ಮೊದಲೇ ಗೊತ್ತಿರೋದು ಒಳ್ಳೇದು. ಆಸ್ತಿ ವರ್ಗಾವಣೆ ಕಾಯ್ದೆ ಅಂತ 1882ರದ್ದು ಒಂದಿದೆ, ಅದರ 108ನೇ ಕಲಮಿನಲ್ಲಿ ಮಾಲಕರ ಮತ್ತು ಬಾಡಿಗೆದಾರರ ಹಕ್ಕು-ಜವಾಬ್ದಾರಿ ಎಲ್ಲ ಇದೆ, ಅಲ್ಲಿ ಎಲ್ಲೂ "ಬಾಡಿಗೆದಾರನ ವ್ಯಾಪಾರ ಚೆನ್ನಾಗಿ ನಡೀಲಿ ಅಂತ ಮಾಲಕರು ಹೊಸ ಸಾಮಾನು ಹಾಕ್ಸಿಕೊಡಬೇಕು" ಅಂತ ಇಲ್ಲ. ಆ ಕಲಮು ಶುರು ಆಗೋದೇ "ಇದಕ್ಕೆ ವಿರುದ್ಧವಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ರೆ" ಅನ್ನೋ ಅರ್ಥದ ಮಾತಿಂದ. ಅಂದ್ರೆ ನೀವಿಬ್ರೂ ಕೂತು ಏನು ಬರೀತೀರೋ ಅದೇ ಮೊದಲು, ಬರೀದೆ ಇದ್ದಲ್ಲಿ ಮಾತ್ರ ಕಾಯ್ದೆ ಬಾಯಿ ಹಾಕುತ್ತೆ.

ಬಾಡಿಗೆ ಕಾಯ್ದೆ ಅಂತ ಇನ್ನೊಂದಿದೆಯಲ್ಲ ಅಂತ ಕೆಲವರು ಕೇಳ್ತಾರೆ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಆದ್ರೆ ವ್ಯಾಪಾರದ ಜಾಗ 14 ಚದರ ಮೀಟರಿಗಿಂತ ದೊಡ್ಡದಿದ್ರೆ ಅದು ಅನ್ವಯ ಆಗೋದಿಲ್ಲ. 14 ಚದರ ಮೀಟರ್ ಅಂದ್ರೆ ಸುಮಾರು 150 ಚದರ ಅಡಿ, ಒಂದು ಪಾನ್ ಅಂಗಡಿ, ಮೊಬೈಲ್ ರಿಪೇರಿ ಅಂಗಡಿ ಅಷ್ಟೇ. ಹೋಟೆಲು, ಬೇಕರಿ, ಗಿರಣಿ ಎಲ್ಲ ಅದಕ್ಕಿಂತ ದೊಡ್ಡದೇ ಇರುತ್ತೆ, ಹಾಗಾಗಿ ನಮಗೆ ಉಳಿಯೋದು ಕರಾರು ಮತ್ತು 1882ರ ಕಾಯ್ದೆ.

ರಿಪೇರಿ ಯಾವುದು, ಸುಧಾರಣೆ ಯಾವುದು? ಗೆರೆ ಎಲ್ಲಿ ಹಾಕೋದು?

ಅರ್ಧಕ್ಕರ್ಧ ಜಗಳ ಇಲ್ಲೇ ಇರೋದು. ಇದ್ದಿದ್ದು ಹಾಳಾಗಿ ಮೊದಲಿನ ಸ್ಥಿತಿಗೆ ತರೋದು ರಿಪೇರಿ. ಮೊದಲಿಗಿಂತ ಜಾಸ್ತಿ ಮಾಡೋದು ಸುಧಾರಣೆ. ಹೇಳೋಕೆ ಸುಲಭ, ಆದ್ರೆ ನಿಜವಾದ ಕೆಲಸದಲ್ಲಿ ಎರಡೂ ಒಂದಕ್ಕೊಂದು ಸೇರ್ಕೊಂಡು ಬಿಡುತ್ತೆ. ಉದಾಹರಣೆಗೆ ಬಾವಿಗೆ ಮಾಲಕರು ಕೊಟ್ಟ 1 ಎಚ್‌ಪಿ ಮೋಟಾರ್ ಇತ್ತು, ಸುಟ್ಟೋಯ್ತು, ನಿಮ್ಮ ಖಾನಾವಳಿಗೆ ನೀರು ಸಾಕಾಗ್ತಾ ಇರಲಿಲ್ಲ ಅಂತ ಈ ಸಲ 2 ಎಚ್‌ಪಿ ಹಾಕ್ಸಿದ್ರಿ. ಈಗ ಪೂರ್ತಿ ಬಿಲ್ಲು ಮಾಲಕರಿಗೆ ಕಳಿಸಿದ್ರೆ ಅವರು ಒಪ್ಪೋದಿಲ್ಲ, ಪೂರ್ತಿ ನಿಮ್ಮ ತಲೆ ಮೇಲೆ ಹಾಕಿದ್ರೆ ನಿಮಗೆ ಅನ್ಯಾಯ. ನಾನು ಹೇಳೋ ದಾರಿ ಏನಂದ್ರೆ ಅದೇ 1 ಎಚ್‌ಪಿ ಮೋಟಾರಿಗೆ ಅಂಗಡಿಯಿಂದ ಒಂದು ಕೊಟೇಶನ್ ತಗೊಳ್ಳಿ, ಅಷ್ಟು ಮಾಲಕರ ಪಾಲು, ಅದರ ಮೇಲಿನ ವ್ಯತ್ಯಾಸ ನಿಮ್ಮ ಪಾಲು. ಇದು ಕಾಯ್ದೆಯಲ್ಲಿ ಬರ್ದಿರೋ ನಿಯಮ ಅಲ್ಲ, ಆದ್ರೆ ಎರಡೂ ಕಡೆಯವರು ತಲೆ ಅಲ್ಲಾಡಿಸಿ ಎದ್ದು ಹೋಗಿದ್ದನ್ನ ನಾನು ನೋಡಿದ್ದು ಈ ಲೆಕ್ಕದಲ್ಲೇ.

ಇನ್ನೊಂದು ವಿಷಯ ಸರಿಯಾಗಿ ತಿಳ್ಕೊಳ್ಳಿ. 108ನೇ ಕಲಮಿನ ಎಫ್ ಭಾಗದಲ್ಲಿ, ಮಾಲಕರು ಮಾಡ್ಲೇಬೇಕಾದ ರಿಪೇರಿಯನ್ನ ನೋಟಿಸ್ ಕೊಟ್ಟ ಮೇಲೂ ತಕ್ಕಷ್ಟು ಸಮಯದಲ್ಲಿ ಮಾಡದೆ ಇದ್ರೆ ಬಾಡಿಗೆದಾರನೇ ಮಾಡ್ಸಿ ಆ ಖರ್ಚನ್ನ ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡ್ಕೋಬಹುದು ಅಂತ ಇದೆ. ಇದನ್ನ ಅರ್ಧ ಕೇಳ್ಕೊಂಡು ಬಂದು ಫಾಲ್ಸ್ ಸೀಲಿಂಗ್ ಬಿಲ್ಲನ್ನೂ ಬಾಡಿಗೆಯಲ್ಲಿ ಹಿಡಿಯೋರಿದ್ದಾರೆ. "ಮಾಡ್ಲೇಬೇಕಾದ ರಿಪೇರಿ" ಅನ್ನೋದೇ ಅಲ್ಲಿ ಮುಖ್ಯ, ಮತ್ತು ಯಾವುದು ಮಾಡ್ಲೇಬೇಕಾದದ್ದು ಅಂತ ಹೇಳೋದು ಹೆಚ್ಚಿನ ಸಲ ನಿಮ್ಮ ಕರಾರೇ. ಚಾವಣಿ ಸೋರಿದ್ರೆ, ಗೋಡೆ ಬಿರುಕು ಬಿಟ್ರೆ, ಮೇನ್ ವೈರ್ ಹಾಳಾದ್ರೆ ಯಾರು ಅಂತ ಮೊದಲೇ ಹೆಸರು ಹಿಡಿದು ಬರ್ಸಿಕೊಳ್ಳಿ, ನಮ್ಮ ಜಿಲ್ಲೆಯ ಮಳೆಗೆ ಇದು ಪ್ರತಿ ವರ್ಷ ಬರೋ ಪ್ರಶ್ನೆ.

ತ್ರೀ ಫೇಸ್ ಮಾಡ್ಸೋದು, ಲೋಡ್ ಜಾಸ್ತಿ ಮಾಡ್ಸೋದು ಯಾರ ಖರ್ಚು?

ಲಿಖಿತ ಒಪ್ಪಂದ ಇಲ್ದಿದ್ರೆ ಬೇಕಾದವರ ಖರ್ಚು, ಅಂದ್ರೆ ನಿಮ್ದು. ಆದ್ರೆ ಇಲ್ಲಿ ದುಡ್ಡು ಮೂರು ತರ ಹೋಗುತ್ತೆ, ಮೂರನ್ನೂ ಬೇರೆ ಬೇರೆ ನೋಡಿ.

ಒಂದನೇದು ಕೆಲಸದ ಖರ್ಚು – ಕೇಬಲ್ಲು, ಮೀಟರ್ ಬೋರ್ಡು, ಎಂಸಿಬಿ, ಅರ್ಥಿಂಗು, ಕಂಟ್ರಾಕ್ಟರ್ ಕೂಲಿ. ಇದು ಗೋಡೆಗೆ ಹೋಗಿ ಸೇರ್ಕೊಳ್ಳುತ್ತೆ, ಬಿಚ್ಚಿ ತಗೊಂಡು ಹೋದ್ರೂ ಗುಜರಿ ಬೆಲೆ. ಎರಡನೇದು ಕರೆಂಟ್ ಕಂಪನಿ ಹೆಸ್ಕಾಂಗೆ ಕಟ್ಟೋ ಹೆಚ್ಚುವರಿ ಡಿಪಾಸಿಟ್ಟು. ಇದನ್ನ ಜನ ಮರ್ತೇ ಬಿಡ್ತಾರೆ. ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರು) ಮಾಲಕರ ಹೆಸರಲ್ಲಿದ್ರೆ ನೀವು ಕಟ್ಟಿದ ಡಿಪಾಸಿಟ್ಟೂ ಅವರ ಹೆಸರಿಗೇ ಜಮಾ ಆಗುತ್ತೆ, ನೀವು ಬಿಟ್ಟು ಹೋದ ಮೇಲೆ ಅದು ಅಲ್ಲೇ ಇರುತ್ತೆ, ವಾಪಸ್ ಬಂದ್ರೂ ಅವರಿಗೇ ಬರೋದು. ಹಾಗಾಗಿ ರಸೀದಿ ನಿಮ್ಮ ಹತ್ರ ಇಟ್ಕೊಂಡು "ಇಂಥಾ ತಾರೀಕು ಇಷ್ಟು ರೂಪಾಯಿ ಡಿಪಾಸಿಟ್ ಬಾಡಿಗೆದಾರರು ಕಟ್ಟಿದ್ದು, ಜಾಗ ಬಿಡುವಾಗ ಮಾಲಕರು ಅವರಿಗೆ ಕೊಡಬೇಕು" ಅಂತ ಎರಡು ಸಾಲು ಬರ್ಸಿಕೊಳ್ಳಿ, ಇದಕ್ಕೆ ಯಾವ ಮಾಲಕರೂ ಇಲ್ಲ ಅನ್ನೋದಿಲ್ಲ, ಕೇಳಬೇಕು ಅಷ್ಟೇ.

ಮೂರನೇದು ನಿಶ್ಚಿತ ಶುಲ್ಕ. ಇದು ಮಾಲಕರ ಕಡೆಯ ನೋವು, ಇದನ್ನೂ ನ್ಯಾಯವಾಗಿ ನೋಡಬೇಕು. ಬಿಲ್ಲಿನಲ್ಲಿ ನಿಶ್ಚಿತ ಶುಲ್ಕ ಬರೋದು ಮಂಜೂರಾದ ಲೋಡಿನ ಮೇಲೆ, ನೀವು ಕರೆಂಟ್ ಉರ್ಸಿ ಬಿಡಿ ಅದು ಬರುತ್ತೆ. ನೀವು 3 ಕಿಲೋವ್ಯಾಟ್ ಇದ್ದದ್ದನ್ನ 10 ಮಾಡ್ಸಿ ಹೋದ್ರೆ, ಮುಂದೆ ಅದೇ ಜಾಗಕ್ಕೆ ಬಟ್ಟೆ ಅಂಗಡಿಯವರು ಬಂದ್ರೆ ಅವರಿಗೆ 10 ಬೇಡ, ಆದ್ರೂ ಪ್ರತಿ ತಿಂಗಳು ಕಟ್ಟಬೇಕು, ಇಲ್ಲಾ ಮಾಲಕರು ಓಡಾಡಿ ಲೋಡ್ ಕಮ್ಮಿ ಮಾಡ್ಸಬೇಕು. ಹಾಗಾಗಿ ಬಿಡುವಾಗ ಲೋಡ್ ಇಳಿಸೋ ಅರ್ಜಿಗೆ ಸಹಾಯ ಮಾಡ್ತೀನಿ ಅಂತ ನೀವೂ ಬರ್ಕೊಡಿ. ಲೆಕ್ಕಕ್ಕೆ ಬೇಕಾದ್ರೆ 1 ಎಚ್‌ಪಿ ಅಂದ್ರೆ 0.746 ಕಿಲೋವ್ಯಾಟು, ನಿಮ್ಮ ಮಶೀನುಗಳ ಎಚ್‌ಪಿ ಕೂಡಿಸಿ ಮೊದಲೇ ನೋಡ್ಕೊಳ್ಳಿ, ಎಷ್ಟೋ ಜನ ಅಂದಾಜಿಗೆ ಜಾಸ್ತಿ ಕೇಳಿ ಬಿಡ್ತಾರೆ.

ಜಾಗ ಬಿಡುವಾಗ ನಾವು ಹಾಕಿದ್ದನ್ನ ಬಿಚ್ಚಿ ತಗೊಂಡು ಹೋಗ್ಬಹುದಾ?

ಹೋಗ್ಬಹುದು, ಆದ್ರೆ ಚಾವಿ ಕೊಡೋ ಮುಂಚೆ. ಈ ಒಂದು ಉತ್ತರಕ್ಕೋಸ್ಕರ ನಾನು ಇಷ್ಟೆಲ್ಲ ಬರೀತಾ ಇರೋದು.

108ನೇ ಕಲಮಿನ ಎಚ್ ಭಾಗ ಹೇಳೋದು ಇಷ್ಟು: ಬಾಡಿಗೆದಾರ ತಾನು ನೆಲಕ್ಕೆ ಜೋಡಿಸಿದ್ದನ್ನೆಲ್ಲ ಲೀಸ್ ಮುಗಿದ ಮೇಲೂ ತೆಗಿಬಹುದು, ಆದ್ರೆ ಜಾಗ ತನ್ನ ಸ್ವಾಧೀನದಲ್ಲಿ ಇರೋವರೆಗೆ ಮಾತ್ರ, ಆಮೇಲೆ ಇಲ್ಲ. ಮತ್ತು ಜಾಗವನ್ನ ತನಗೆ ಸಿಕ್ಕ ಸ್ಥಿತಿಯಲ್ಲೇ ಬಿಟ್ಟು ಹೋಗಬೇಕು.

ನನ್ನ ಬೇಕರಿಗೆ 2018ರ ಮಾರಿಕಾಂಬಾ ಜಾತ್ರೆಗೆ ಮುಂಚೆ ದೊಡ್ಡ ಓವನ್ನು, ಅದರ ಮೇಲೆ ಸ್ಟೀಲಿನ ಹುಡ್ಡು (ಹೊಗೆ ಹಿಡಿಯೋ ಮುಚ್ಚಳ), ಗೋಡೆ ಕೊರೆದು ಹೊಗೆ ಕೊಳವೆ, ಎಕ್ಸಾಸ್ಟ್ ಫ್ಯಾನು ಹಾಕ್ಸಿದ್ದೆ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರೋದು, ಆ ಒಂದು ವಾರದ ವ್ಯಾಪಾರ ಬಿಟ್ರೆ ಮತ್ತೆ ಕಾಯಬೇಕು ಅಂತ ಗಡಿಬಿಡಿಯಲ್ಲಿ ಮಾಡ್ಸಿದ್ದು, ಮಾಲಕರು ಬಂದು ನೋಡಿ "ಚಲೋ ಆಯ್ತು" ಅಂದು ಹೋದ್ರು, ಕಾಗದ ಏನೂ ಆಗ್ಲಿಲ್ಲ. ಮುಂದೆ ಜಾಗ ಬಿಡುವಾಗ ಓವನ್ನನ್ನ ಒಂದು ಶುಕ್ರವಾರ ಟೆಂಪೋಕ್ಕೆ ಹಾಕಿದ್ವಿ, ಅಷ್ಟರಲ್ಲಿ ಕತ್ತಲಾಯ್ತು, ಹುಡ್ಡಿನ ಬೋಲ್ಟು ಎಣ್ಣೆ ಜಿಡ್ಡಿಗೆ ಕಚ್ಕೊಂಡು ಬಿಟ್ಟಿತ್ತು, ಪಾನಾ ಜಾರ್ತಾ ಇತ್ತು, ಕಟರ್ ತರೋ ಹುಡುಗ ಸೋಮವಾರ ಬರ್ತೀನಿ ಅಂದ. ಮಾಲಕರು ಬಾಗಿಲ ಹತ್ರನೇ ನಿಂತಿದ್ರು, ವಯಸ್ಸಾದವರು, ನನ್ನ ಮೇಲೆ ಪ್ರೀತಿ ಇದ್ದವರೇ, "ಚಾವಿ ಕೊಟ್ಟು ಹೋಗು, ಸೋಮವಾರ ಬಾ" ಅಂದ್ರು. ಕೊಟ್ಟೆ. ಸೋಮವಾರ ಹೋದಾಗ ಬೀಗ ಬೇರೆ ಇತ್ತು. "ಅಣ್ಣಾ, ಹುಡ್ಡು ಬಿಚ್ಚೂದಿತ್ತಲ" ಅಂದ್ರೆ "ಚಾವಿ ಕೊಟ್ಟಾಯ್ತಲ ತಮಾ, ಇನ್ನೆಂತ ಉಳೀತು, ಹೊಸಬರಿಗೆ ಹುಡ್ಡು ಇದ್ದು ಹೇಳಿ ಮಾತಾಡಾಯ್ದು" ಅಂದ್ರು. ಕೊಳವೆ, ಫ್ಯಾನು ಎಲ್ಲ ಸೇರಿ ನಾನು ಕೊಟ್ಟಿದ್ದು 86 ಸಾವಿರ. ವಕೀಲರ ಹತ್ರ ಹೋದಾಗ ಅವರು ಮೊದಲು ಕೇಳಿದ್ದೂ ಅದೇ, ಚಾವಿ ಯಾವಾಗ ಕೊಟ್ರಿ ಅಂತ. ಎರಡು ದಿನದ ಬಾಡಿಗೆ ಜಾಸ್ತಿ ಕೊಟ್ಟು ಸೋಮವಾರದವರೆಗೆ ಚಾವಿ ಇಟ್ಕೊಂಡಿದ್ರೆ ಆಗ್ತಿತ್ತು.

ಹಾಗಂತ ಎಲ್ಲವನ್ನೂ ತೆಗೆಯೋಕೆ ಆಗೋದಿಲ್ಲ. ನೆಲಕ್ಕೆ ಹಾಕಿದ ಟೈಲ್ಸು, ಗೋಡೆಯೊಳಗಿನ ಪೈಪು, ಇಟ್ಟಿಗೆಯಲ್ಲಿ ಕಟ್ಟಿದ ಭಟ್ಟಿ ಒಡೆದ್ರೆ ಜಾಗವೂ ಹಾಳು ಸಾಮಾನೂ ಹಾಳು. ಅಂಥದ್ದಕ್ಕೆ ಹಾಕೋ ಮೊದಲೇ ದುಡ್ಡಿನ ಮಾತು ಮುಗಿಸ್ಬೇಕು. ಬೋಲ್ಟಲ್ಲಿ ನಿಂತಿರೋ ಸಾಮಾನು, ಎಸಿ, ಡೀಪ್ ಫ್ರೀಜರು, ಇನ್ವರ್ಟರು, ರ‍್ಯಾಕು – ಇವೆಲ್ಲ ನಿಮ್ದು, ತೂತು ಮುಚ್ಚಿ ಬಣ್ಣ ಹಚ್ಚಿ ಕೊಡಿ.

ಮಾಲಕರ ಮಶೀನು ಸಮೇತ ಲೀಸ್ ತಗೊಂಡಿದೀವಿ – ಐಸ್ ಪ್ಲಾಂಟು, ಗಿರಣಿ, ಅಡಿಕೆ ಡ್ರೈಯರು. ಅದಕ್ಕೆ ಹೊಸ ಭಾಗ ಹಾಕಿದ್ರೆ?

ಇದು ಬರೇ ಜಾಗದ ಲೀಸಿಗಿಂತ ಕಷ್ಟದ್ದು, ಯಾಕಂದ್ರೆ ಮಶೀನು ಅವರದ್ದು, ಒಳಗಿನ ಹೊಸ ಭಾಗ ನಿಮ್ದು, ಐದು ವರ್ಷ ಆದ್ಮೇಲೆ ಯಾವುದು ಯಾರ್ದು ಅಂತ ಮಶೀನನ್ನ ನೋಡಿ ಹೇಳೋಕೆ ಆಗಲ್ಲ.

ಬೈತಖೋಲ, ತದಡಿ, ಕಾಸರಕೋಡ ಬಂದರುಗಳ ಕಡೆ ಐಸ್ ಪ್ಲಾಂಟು ಲೀಸಿಗೆ ಹಿಡಿಯೋರನ್ನ ತಗೊಳ್ಳಿ. ಕಂಪ್ರೆಸರು, ಕಂಡೆನ್ಸರು, ಉಪ್ಪುನೀರಿನ ತೊಟ್ಟಿ, ಐಸಿನ ಡಬ್ಬಿ ಎಲ್ಲ ಮಾಲಕರದ್ದು. ಎರಡನೇ ವರ್ಷ ಕಂಡೆನ್ಸರ್ ಕೊಳವೆ ತೂತು ಬಿತ್ತು, ಲೀಸಿನವರು ಪೂರ್ತಿ ಹೊಸ ಕಂಡೆನ್ಸರ್ ಹಾಕ್ಸಿದ್ರು, ಕರೆಂಟ್ ಬಿಲ್ಲು ಇಳೀತು, ಐಸು ಬೇಗ ಕಟ್ಟೋಕೆ ಶುರು ಆಯ್ತು. ಲೀಸ್ ಮುಗಿದಾಗ ಮಾಲಕರು ಹೇಳೋದು "ನನ್ನ ಪ್ಲಾಂಟು ಚಾಲೂ ಇತ್ತು, ಚಾಲೂ ವಾಪಸ್ ಕೊಡು", ಲೀಸಿನವರು ಹೇಳೋದು "ನಿಮ್ಮ ಹಳೇ ತುಕ್ಕು ಕಂಡೆನ್ಸರ್ ಹಾಕಿ ಕೊಡ್ತೀನಿ". ಹಳೇದು ಎಲ್ಲಿದೆ ಅಂದ್ರೆ ಗುಜರಿಗೆ ಹೋಗಿ ಎರಡು ವರ್ಷ ಆಯ್ತು! ಇಲ್ಲಿ ಲೀಸಿನವರದ್ದೇ ತಪ್ಪು, ಹಳೇ ಭಾಗ ಮಾಲಕರ ಸ್ವತ್ತು, ಅದನ್ನ ಮಾರೋ ಅಧಿಕಾರ ಇವರಿಗೆ ಇರಲಿಲ್ಲ. ಹಳೇದನ್ನ ಮಾಲಕರ ಗೋಡೌನಿಗೆ ಹಾಕಿ ಒಂದು ಚೀಟಿ ಮೇಲೆ ಸಹಿ ತಗೊಂಡಿದ್ರೆ ಕೂತು ಮಾತಾಡೋಕೆ ಬಲ ಇರ್ತಿತ್ತು.

ಹಾಗಾಗಿ ಲೀಸ್ ಶುರು ಆಗೋ ದಿನ ಒಂದು ಪಟ್ಟಿ ಮಾಡಿ, ಪ್ರತಿ ಮಶೀನಿನ ಕಂಪನಿ, ಸೀರಿಯಲ್ ನಂಬರು, ಓಡ್ತಿದೆಯಾ ಇಲ್ವಾ, ನಾಮಫಲಕದ ಫೋಟೋ. ಮೋಟಾರಿನ ಮೇಲಿನ ಆ ಸಣ್ಣ ತಗಡಿನ ಪಟ್ಟಿ ಕಡಲ ಬದಿಯಲ್ಲಿ ಎರಡು ಮಳೆಗಾಲಕ್ಕೆ ಓದೋಕೆ ಬರದಂಗೆ ತಿಂದು ಹೋಗುತ್ತೆ, ಮೊದಲ ದಿನವೇ ಫೋಟೋ ತೆಗೀರಿ.

ದೊಡ್ಡ ರಿಪೇರಿಗೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನವನ್ನೇ ಇಟ್ಕೊಳ್ಳಿ, ಯಾಂತ್ರಿಕ ದೋಣಿ ಇಳಿಯೋದಿಲ್ಲ, ಐಸಿಗೆ ಬೇಡಿಕೆ ಇಲ್ಲ. ಆ ಎರಡು ತಿಂಗಳ ಬಾಡಿಗೆ ಪೂರ್ತಿನಾ, ಅರ್ಧನಾ, ಅಥವಾ ಮಾಲಕರು ಬಾಡಿಗೆ ಬಿಟ್ಟು ಅದರ ಬದಲು ನೀವು ಓವರ್‌ಹಾಲ್ ಮಾಡ್ಸಿಕೊಡೋದಾ ಅಂತ ಮೊದಲೇ ಮಾತಾಡಿ. ಕೊನೇದು ಎಲ್ಲರಿಗೂ ಒಪ್ಪಿಗೆ ಆಗುತ್ತೆ, ನನಗಂತೂ ಅದೇ ಸರಿ ಅನ್ಸುತ್ತೆ.

ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದಕ್ಕೆ ನಾವ್ಯಾಕೆ ಕೊಡ್ಬೇಕು?

ಸಹಜವಾಗಿ ಸವೆದದ್ದಕ್ಕೆ ಕೊಡಬೇಕಾಗಿಲ್ಲ. ಕಾಯ್ದೆ ಕೂಡ ಜಾಗವನ್ನ ಸಿಕ್ಕ ಸ್ಥಿತಿಯಲ್ಲೇ ವಾಪಸ್ ಕೊಡಿ, ಆದ್ರೆ ಬಳಕೆಯಿಂದಾದ ಸಹಜ ಸವಕಳಿ ಮತ್ತು ತಡೆಯೋಕಾಗದ ಶಕ್ತಿಯಿಂದಾದ ಹಾನಿ ಬಿಟ್ಟು ಅಂತಲೇ ಹೇಳುತ್ತೆ. ಕಾರವಾರದಲ್ಲಿ ಸಮುದ್ರದ ಕಡೆ ಮುಖ ಮಾಡಿದ ಎಸಿ ಹೊರಗಿನ ಯೂನಿಟ್ಟಿನ ಅಲ್ಯೂಮಿನಿಯಂ ಪಟ್ಟಿ ಕೈಯಲ್ಲಿ ಮುಟ್ಟಿದ್ರೆ ಬೂದಿ ತರ ಉದುರುತ್ತೆ, ಶಟರಿನ ಕೆಳಗಿನ ಪಟ್ಟಿ ಜಾಲರಿ ಆಗುತ್ತೆ, ಶಿರಸಿಯಲ್ಲಿ ಅದೇ ಸಾಮಾನು ಎಷ್ಟೋ ವರ್ಷ ಬಾಳುತ್ತೆ. ಇದು ಊರಿನ ಗುಣ. ಆದ್ರೆ ವರ್ಷಕ್ಕೊಮ್ಮೆ ಸರ್ವಿಸ್, ಗ್ರೀಸು, ಬಣ್ಣ ಏನೂ ಮಾಡದೆ ಬಿಟ್ರೆ ಅದು ಸವಕಳಿ ಅಲ್ಲ, ನಿರ್ಲಕ್ಷ್ಯ. ಸರ್ವಿಸ್ ಬಿಲ್ಲು ಇಟ್ಕೊಳ್ಳಿ, ಆ ಬಿಲ್ಲೇ ನಿಮ್ಮ ಪರ ಮಾತಾಡೋದು.

ನಮ್ದು 11 ತಿಂಗಳ ಅಗ್ರಿಮೆಂಟು. ಐದು ಲಕ್ಷದ ಸಾಮಾನು ಹಾಕ್ಬಹುದಾ?

ಹಾಕ್ಬೇಡಿ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, 11 ತಿಂಗಳ ಕಾಗದದ ಮೇಲೆ ಬಿಚ್ಚೋಕೆ ಬರದ ಸಾಮಾನಿಗೆ ಒಂದು ರೂಪಾಯಿನೂ ಹಾಕ್ಬೇಡಿ.

11 ತಿಂಗಳು ಯಾಕೆ ಅಂದ್ರೆ, ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸು ನೋಂದಣಿ ಆಗಲೇಬೇಕು, ಅದೇ 1882ರ ಕಾಯ್ದೆಯ 107ನೇ ಕಲಮು. ನೋಂದಣಿ ಖರ್ಚು ಉಳಿಸೋಕೆ ಎಲ್ರೂ 11 ತಿಂಗಳು ಬರೀತಾರೆ. ಕೆಲವರು ಇನ್ನೂ ಮುಂದೆ ಹೋಗಿ 5 ವರ್ಷ ಅಂತ ಬರ್ದು ನೋಂದಣಿ ಮಾಡ್ಸೋದಿಲ್ಲ, ಆಗ 5 ವರ್ಷದ ಮಾತು ನಿಲ್ಲೋದಿಲ್ಲ, ಸಾಮಾನ್ಯವಾಗಿ ತಿಂಗಳ ಬಾಡಿಗೆ ಅಂತಲೇ ಲೆಕ್ಕ ಆಗಿ 15 ದಿನದ ನೋಟಿಸಿಗೆ ಎದ್ದು ಹೋಗಬೇಕಾಗುತ್ತೆ. ತಯಾರಿಕೆ ಉದ್ದೇಶದ ಲೀಸಿಗೆ ಕಾಯ್ದೆಯಲ್ಲಿ 6 ತಿಂಗಳ ನೋಟಿಸ್ ಇದೆ ಅನ್ನೋದು ನಿಜ, ಆದ್ರೆ ಅದನ್ನೇ ನಂಬ್ಕೊಂಡು ಕೂರೋದು ಬೇಡ. ಸ್ಟಾಂಪೂ ಸರಿ ಇರಲಿ, ಕಮ್ಮಿ ಸ್ಟಾಂಪಿನ ಕಾಗದ ಕೋರ್ಟಿಗೆ ಬಂದಾಗ ಹತ್ತು ಪಟ್ಟು ದಂಡ ಕಟ್ಟಿ ಆಮೇಲೆ ಓದ್ಸೋ ಪರಿಸ್ಥಿತಿ ಬರುತ್ತೆ.

ದೊಡ್ಡ ಖರ್ಚು ಇದ್ರೆ ನೋಂದಣಿ ಮಾಡ್ಸಿದ 5 ವರ್ಷದ ಲೀಸು, ಜೊತೆಗೆ ಮಧ್ಯದಲ್ಲಿ ಎಬ್ಬಿಸಿದ್ರೆ ಉಳಿದ ತಿಂಗಳ ಲೆಕ್ಕದಲ್ಲಿ ವಾಪಸ್ ಅನ್ನೋ ಷರತ್ತು. ಲೆಕ್ಕ ಹೀಗೆ: ನೀವು 3 ಲಕ್ಷ ಹಾಕಿದ್ರಿ, 5 ವರ್ಷ ಅಂದ್ರೆ 60 ತಿಂಗಳು, ತಿಂಗಳಿಗೆ 5,000 ಸವೀತು. 22 ತಿಂಗಳಾದಾಗ ಮಾಲಕರೇ ಬಿಡಿ ಅಂದ್ರೆ ಉಳಿದದ್ದು 38 ತಿಂಗಳು, ಅಂದ್ರೆ 1,90,000 ಅವರು ಕೊಡಬೇಕು. ನೀವಾಗೇ ಬಿಟ್ರೆ ಏನೂ ಇಲ್ಲ. ಇದು ಇಬ್ಬರಿಗೂ ಅರ್ಥ ಆಗೋ ಲೆಕ್ಕ, ಕ್ಯಾಲ್ಕುಲೇಟರ್ ಎದುರಿಗೆ ಇಟ್ಟು ಮಾಡಿ ತೋರ್ಸಿದ್ರೆ ಹಠ ಮಾಡೋರು ಕಮ್ಮಿ.

ಮಾಲಕರು ಬಾಯಲ್ಲಿ ಒಪ್ಪಿದ್ರು, ಈಗ ಇಲ್ಲ ಅಂತಾರೆ.

ವಾಟ್ಸಾಪ್ ನೋಡಿ ಮೊದಲು. "ಆಯ್ತು ಹಾಕ್ಸು, ಬಾಡಿಗೆಯಲ್ಲಿ ಮುರ್ಕೊಳ್ಳುವಾ" ಅಂತ ಒಂದು ಸಾಲು ಇದ್ರೂ ಅದಕ್ಕೆ ಬೆಲೆ ಇದೆ, ಕೊಟೇಶನ್ ಕಳಿಸಿದ್ದಕ್ಕೆ ಅವರು ಒಪ್ಪಿಗೆ ಹೇಳಿದ್ರೆ ಇನ್ನೂ ಒಳ್ಳೇದು. ಫೋನ್ ಬದಲಾಯ್ಸುವಾಗ ಅಳಿಸಿ ಹೋಗದಂಗೆ ನೋಡ್ಕೊಳ್ಳಿ, ಬರೇ ಸ್ಕ್ರೀನ್‌ಶಾಟ್ ಸಾಲದು, ಮೂಲ ಫೋನ್ ಇರಲಿ. ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ, ಅದರ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿ ಜೊತೆ ಪ್ರಮಾಣಪತ್ರ ಕೊಡಬೇಕು, ಅದನ್ನ ವಕೀಲರು ಮಾಡ್ಸಿಕೊಡ್ತಾರೆ.

ಕರಾರು ಕಾಯ್ದೆ 1872ರ 70ನೇ ಕಲಮು ಅಂತಲೂ ಒಂದಿದೆ, ಪುಕ್ಕಟೆ ಅಂತ ಅಲ್ಲದೆ ಒಬ್ಬರಿಗಾಗಿ ಮಾಡಿದ ಕೆಲಸದ ಲಾಭ ಅವರು ಪಡೆದ್ರೆ ಪರಿಹಾರ ಕೊಡಬೇಕು ಅಂತ. ಆದ್ರೆ ನೀವು ಹಾಕ್ಸಿದ್ದು ನಿಮ್ಮ ವ್ಯಾಪಾರಕ್ಕೋಸ್ಕರ ಅಂತ ಅವರ ವಕೀಲರು ಹೇಳೇ ಹೇಳ್ತಾರೆ, ಇದನ್ನ ಗೆಲ್ಲೋದು ಸುಲಭ ಅಲ್ಲ. ಇಂಥ ಹಣದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು, "ನೋಡುವಾ, ನೋಡುವಾ" ಅಂತ ಅವರು ಹೇಳ್ತಾ ಇರೋದನ್ನ ಕೇಳ್ಕೊಂಡು ಆ ಗಡುವು ದಾಟಿಸಿಕೊಂಡವರನ್ನ ನೋಡಿದೀನಿ.

ಅವರು ಕೊಡ್ದಿದ್ರೆ ಬಾಡಿಗೆ ಕೊಡೋದು ನಿಲ್ಲಿಸಿ ಬಿಡ್ಲಾ?

ನಿಲ್ಲಿಸ್ಬೇಡಿ. ಸರಿ ಇದ್ದ ಕೇಸು ಕೆಡೋದು ಇಲ್ಲೇ. ಬಾಡಿಗೆ ಬಾಕಿ ಅಂತ ಒಂದು ಕಾರಣ ನೀವೇ ಅವರ ಕೈಗೆ ಕೊಟ್ಟಂಗೆ ಆಗುತ್ತೆ, ಆಮೇಲೆ ನಿಮ್ಮ ಸಾಮಾನಿನ ಮಾತು ಹಿಂದೆ ಬೀಳುತ್ತೆ. ಬಾಡಿಗೆ ಬ್ಯಾಂಕಿಂದಲೇ ಹಾಕ್ತಾ ಇರಿ, ನಿಮ್ಮ ಹಕ್ಕು ಕಾಯ್ದಿರಿಸಿದೀವಿ ಅಂತ ಪತ್ರ ಬರೀರಿ.

ಸರ್ಕಾರದ ನಿಯಮಕ್ಕೆ ಬೇಕಾದ ಸಾಮಾನು, ಬೆಂಕಿ ನಂದಿಸೋ ಸಿಲಿಂಡರು, ಹೊಗೆ ಚಿಮಣಿ, ಆಹಾರ ಲೈಸೆನ್ಸಿಗೆ ಬೇಕಾದ ಟೈಲ್ಸು, ಇವೆಲ್ಲ?

ನಿಮ್ಮ ವ್ಯಾಪಾರದ ಲೈಸೆನ್ಸಿಗೆ ಬೇಕಾದದ್ದು ನಿಮ್ಮ ಖರ್ಚು, ಕಟ್ಟಡಕ್ಕೇ ಬೇಕಾದದ್ದು ಮಾಲಕರ ಖರ್ಚು ಅಂತ ಭಾಗ ಮಾಡಿ ಬರ್ಕೊಳ್ಳಿ. ಗೋಕರ್ಣ, ಮುರ್ಡೇಶ್ವರದ ಕಡೆ ದಡಕ್ಕೆ ಹತ್ತಿರ ಅಂಗಡಿ ಹಿಡಿಯೋರು ಇನ್ನೊಂದು ನೋಡಬೇಕು, ಕರಾವಳಿ ನಿಯಂತ್ರಣ ವಲಯದಲ್ಲಿ ಹೊಸ ಶೆಡ್ಡು, ಕಾಂಕ್ರೀಟು ಹಾಕೋಕೆ ಅನುಮತಿ ಬೇಕು, ಮಾಲಕರು "ಹಾಕ್ಕೋ ತೊಂದ್ರೆ ಇಲ್ಲ" ಅಂದ ಮಾತ್ರಕ್ಕೆ ಆಗೋದಿಲ್ಲ, ತೆರವು ಮಾಡ್ಸಿದ್ರೆ ಹೋಗೋದು ನಿಮ್ಮ ದುಡ್ಡು.

ನಗರಸಭೆ ಮಳಿಗೆ, ದೇವಸ್ಥಾನದ ಮಳಿಗೆ ಆದ್ರೆ?

ಲಿಖಿತ ಅನುಮತಿ ಇಲ್ದೆ ಒಂದು ಮೊಳೆನೂ ಹೊಡೀಬೇಡಿ. ಅಲ್ಲಿ ಆಡಳಿತ ಬದಲಾಗ್ತಾ ಇರುತ್ತೆ, ಹಿಂದಿನವರು ಬಾಯಲ್ಲಿ ಹೇಳಿದ್ದು ಮುಂದಿನವರಿಗೆ ಗೊತ್ತೇ ಇರೋದಿಲ್ಲ. ಅವಧಿ ಮುಗಿದ್ರೆ ಮತ್ತೆ ಹರಾಜು ಆಗಬಹುದು, ಖರ್ಚು ಮಾಡಿದವರಿಗೇ ಸಿಗುತ್ತೆ ಅಂತಿಲ್ಲ.

ನಾನು ಮಾಲಕ. ಬಾಡಿಗೆದಾರರು ಹೇಳ್ದೆ ಕೇಳ್ದೆ ಎಲ್ಲ ಬದಲಾಯ್ಸಿದ್ದಾರೆ, ಈಗ ದುಡ್ಡು ಕೇಳ್ತಾರೆ.

ನಿಮ್ಮ ಒಪ್ಪಿಗೆ ಇಲ್ದೆ ಕಾಯಂ ಕಟ್ಟಡ ಕಟ್ಟೋಕೆ ಬಾಡಿಗೆದಾರರಿಗೆ ಹಕ್ಕಿಲ್ಲ, ಕೃಷಿ ಉದ್ದೇಶ ಬಿಟ್ಟು. ಕೇಳದೆ ಮಾಡಿದ್ದಕ್ಕೆ ದುಡ್ಡು ಕೊಡೋ ಬಾಧ್ಯತೆನೂ ಇಲ್ಲ. ಆದ್ರೆ ನೋಡ್ತಾ ನೋಡ್ತಾ ಸುಮ್ನೆ ಇದ್ದು, ಕೆಲಸ ಮುಗಿದ ಮೇಲೆ "ನಾನು ಒಪ್ಪಿರಲಿಲ್ಲ" ಅನ್ನೋದು ಸರಿ ಅಲ್ಲ, ಬೇಡ ಅಂದ್ರೆ ಮೊದಲ ದಿನವೇ ಬರ್ದು ಹೇಳಿ.

ಹಳೇ ಹಂಚಿನ ಮಾಡು ಇರೋ ಕಟ್ಟಡ ಇದ್ರೆ ಇನ್ನೂ ಹುಷಾರಾಗಿರಿ. ಪಕಾಸಿಗೆ, ತೊಲೆಗೆ ಭಾರದ ಡಕ್ಟು ನೇತು ಹಾಕ್ತಾರೆ, ಹಂಚು ಸರಿಸಿ ಕೊಳವೆ ತೆಗೀತಾರೆ, ಮೊದಲ ಮಳೆಗೆ ಒಳಗೆಲ್ಲ ನೀರು. ಆ ಹಾನಿಯನ್ನ ಡಿಪಾಸಿಟ್ಟಲ್ಲಿ ಹಿಡಿಯೋ ಹಕ್ಕು ಕರಾರಿನಲ್ಲಿ ಇರಲಿ, ಹಿಡಿಯುವಾಗ ಆಚಾರಿಯ ಬಿಲ್ಲು ಕೊಟ್ಟು ಹಿಡೀರಿ. ಅಂದಾಜಿಗೆ 50 ಸಾವಿರ ಮುರ್ಕೊಂಡೆ ಅಂದ್ರೆ ಜಗಳ ಶುರು.

ಬಿಲ್ಲು ಯಾರ ಹೆಸರಲ್ಲಿ ಇರ್ಬೇಕು? ತೆರಿಗೆಗೆ ಏನು ವ್ಯತ್ಯಾಸ?

ದುಡ್ಡು ಕೊಟ್ಟವರ ಹೆಸರಲ್ಲಿ, ಅವರ ಜಿಎಸ್‌ಟಿ ನಂಬರ್ ಹಾಕಿ. ಬಾಡಿಗೆದಾರರು ತಮ್ಮ ಮಶೀನಿಗೆ ಸವಕಳಿ (ಡಿಪ್ರಿಸಿಯೇಷನ್) ಲೆಕ್ಕ ಹಾಕ್ಬಹುದು, ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರಕ್ಕೆ 15%, ಪೀಠೋಪಕರಣಕ್ಕೆ 10%. ಬಾಡಿಗೆ ಕಟ್ಟಡದ ಮೇಲೆ ತಾವೇ ಮಾಡಿದ ಬಂಡವಾಳ ಖರ್ಚಿಗೂ ತಮ್ಮದೇ ಕಟ್ಟಡ ಇದ್ದಂಗೆ ಸವಕಳಿ ಸಿಗುತ್ತೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಮಾಲಕರು ಬಾಡಿಗೆಯನ್ನ ಮನೆ ಆಸ್ತಿಯ ಆದಾಯ ಅಂತ ತೋರ್ಸಿದ್ರೆ ಅವರಿಗೆ 30% ಕಡಿತ ಹೇಗೂ ಸಿಗುತ್ತೆ, ರಿಪೇರಿಗೆ ಎಷ್ಟು ಖರ್ಚು ಮಾಡಿದ್ರೂ ಅಷ್ಟೇ, ಬೇರೆ ಹಿಡಿಯೋಕೆ ಬರಲ್ಲ. ಹಾಗಾಗಿ ಕೆಲವು ಸಲ ಬಾಡಿಗೆದಾರರೇ ಖರ್ಚು ಮಾಡಿ ಬಾಡಿಗೆ ಕಮ್ಮಿ ಮಾಡ್ಸಿಕೊಳ್ಳೋದು ಇಬ್ಬರಿಗೂ ಲಾಭ, ಲೆಕ್ಕ ಹಾಕಿ ನೋಡಿ.

ವ್ಯಾಪಾರದ ಜಾಗದ ಬಾಡಿಗೆಗೆ ಜಿಎಸ್‌ಟಿ 18%. 2024ರ ಅಕ್ಟೋಬರ್ 10ರಿಂದ ಮಾಲಕರಿಗೆ ನೋಂದಣಿ ಇಲ್ದೆ ನಿಮಗೆ ಮಾತ್ರ ಇದ್ರೆ ಆ ತೆರಿಗೆ ನೀವೇ ಕಟ್ಟಬೇಕು, ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆ) ಇರೋರಿಗೆ 2025ರ ಜನವರಿ 16ರಿಂದ ಇದು ಬಿಟ್ಟಿದ್ದಾರೆ.

ಜಗಳ ಆಗೇ ಬಿಟ್ಟಿದೆ. ಈಗ ಏನು ಮಾಡೋದು?

ಮೊದಲು ಚಾವಿ ಕೈಯಲ್ಲಿದ್ರೆ ಕೈಯಲ್ಲೇ ಇರಲಿ. ಬಾಡಿಗೆ ಕಟ್ತಾ ಇರಿ. ಎಲ್ಲ ಸಾಮಾನಿನ ವಿಡಿಯೋ, ಬಿಲ್ಲುಗಳ ಫೋಟೋ. ಆಮೇಲೆ ಇಬ್ಬರಿಗೂ ಬೇಕಾದ ಒಬ್ಬ ಹಿರಿಯರನ್ನ ಕೂರಿಸಿ ಮಾತಾಡಿ, ಸಣ್ಣ ಊರಲ್ಲಿ ನಾಳೆ ಮತ್ತೆ ಮುಖ ನೋಡಬೇಕು. ಆಗದಿದ್ರೆ ವಕೀಲರಿಂದ ನೋಟಿಸು. ಲೋಕ ಅದಾಲತ್ತಿಗೆ ಕೇಸು ಹಾಕೋ ಮುಂಚೆನೇ ತಾಲೂಕು ಕಾನೂನು ಸೇವೆಗಳ ಸಮಿತಿ ಮೂಲಕ ಹೋಗ್ಬಹುದು, ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ, ಹಾಗಾಗಿ ಓದಿ ಸಹಿ ಹಾಕಿ. ಮೊತ್ತ 3 ಲಕ್ಷ ಅಥವಾ ಜಾಸ್ತಿ ಇದ್ದು ಜಾಗ ಪೂರ್ತಿ ವ್ಯಾಪಾರಕ್ಕೇ ಇದ್ರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬರುತ್ತೆ, ತುರ್ತು ತಡೆ ಬೇಕಾಗಿಲ್ಲ ಅಂದ್ರೆ ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಹೋಗ್ಲೇಬೇಕು.

ಕರಾರಿನಲ್ಲಿ ಹೇಗೆ ಬರ್ಸೋದು? ಒಂದು ಮಾದರಿ ಕೊಡಿ.

ನಾನು ಬರ್ಸೋದು ಹೀಗೆ, ನಿಮ್ಮ ವಕೀಲರಿಗೆ ತೋರ್ಸಿ ಬದಲಾಯ್ಸಿಕೊಳ್ಳಿ: "ಅನುಬಂಧ 1ರಲ್ಲಿ ಬರೆದ ಸಾಮಾನುಗಳು ಮಾಲಕರವು, ಅನುಬಂಧ 2ರಲ್ಲಿ ಬರೆದವು ಬಾಡಿಗೆದಾರರವು. ಮುಂದೆ 10,000 ರೂಪಾಯಿಗಿಂತ ಹೆಚ್ಚಿನ ಯಾವುದೇ ಹೊಸ ಉಪಕರಣ ಅಥವಾ ಬದಲಾವಣೆಗೆ ಮೊದಲು ಬಾಡಿಗೆದಾರರು ಕೊಟೇಶನ್ ಸಹಿತ ಬರೆದು ತಿಳಿಸತಕ್ಕದ್ದು, ಮಾಲಕರು 7 ದಿನದೊಳಗೆ ಒಪ್ಪಿಗೆ ಅಥವಾ ನಿರಾಕರಣೆಯನ್ನು ಬರೆದು ತಿಳಿಸತಕ್ಕದ್ದು. ಒಪ್ಪಿಗೆಯಲ್ಲಿ ಖರ್ಚು ಯಾರದು, ಒಡೆತನ ಯಾರದು, ಬಿಡುವಾಗ ತೆಗೆಯುವುದೋ ಬಿಡುವುದೋ ಎಂಬ ಮೂರನ್ನೂ ನಮೂದಿಸತಕ್ಕದ್ದು. ಅವಧಿ ಮುಗಿದ ನಂತರ ಸಾಮಾನು ತೆಗೆಯಲು ಬಾಡಿಗೆದಾರರಿಗೆ 10 ದಿನ ಸಮಯವಿದ್ದು, ಆ ದಿನಗಳ ಬಾಡಿಗೆಯನ್ನು ದಿನದ ಲೆಕ್ಕದಲ್ಲಿ ಕೊಡತಕ್ಕದ್ದು, ಅಲ್ಲಿಯವರೆಗೆ ಸ್ವಾಧೀನ ಬಾಡಿಗೆದಾರರದೇ ಇರತಕ್ಕದ್ದು."

ಕೊನೆಯ ವಾಕ್ಯ ನನ್ನ 86 ಸಾವಿರದಿಂದ ಬಂದದ್ದು, ಅದನ್ನ ಮಾತ್ರ ಬಿಡ್ಬೇಡಿ.

ಹಳೇ ಬಾಡಿಗೆದಾರರಿಂದ ಫಿಟ್ಟಿಂಗ್ ಸಮೇತ ಅಂಗಡಿ ಹಿಡೀತಾ ಇದೀನಿ, ಅವರಿಗೆ 4 ಲಕ್ಷ ಕೊಡ್ಬೇಕಂತೆ.

ಅವರು ಮಾರ್ತಾ ಇರೋದು ನಿಜವಾಗ್ಲೂ ಅವರದ್ದೇನಾ ಅಂತ ಮಾಲಕರನ್ನ ಕೇಳಿ. ಕುಮಟಾದಲ್ಲಿ ಒಬ್ಬರು ಹೀಗೇ ಕೌಂಟರು, ಎಸಿ, ಜನರೇಟರ್ ಅಂತ ದುಡ್ಡು ಕೊಟ್ಟು ಬಂದು ಕೂತ್ರು, ತಿಂಗಳಾದ ಮೇಲೆ ಮಾಲಕರು ಬಂದು ಜನರೇಟರ್ ನಂದು ಅಂದ್ರು, ಬಿಲ್ಲೂ ಅವರ ಹತ್ರ ಇತ್ತು. ಹಳೇ ಬಾಡಿಗೆದಾರರು ಅಷ್ಟೊತ್ತಿಗೆ ಊರಲ್ಲಿ ಇಲ್ಲ. ಪಟ್ಟಿ ಮಾಡಿ, ಹಳಬರು, ಮಾಲಕರು, ನೀವು ಮೂರೂ ಜನ ಒಂದೇ ಹಾಳೆ ಮೇಲೆ ಸಹಿ ಹಾಕಿ, ಬ್ಯಾಂಕ್ ಸಾಲ ಯಾವ ಮಶೀನಿನ ಮೇಲಾದ್ರೂ ಇದೆಯಾ ಕೇಳಿ, ಮೂಲ ಬಿಲ್ಲುಗಳನ್ನ ಕೈಗೆ ತಗೊಳ್ಳಿ, ಅದೇ ಪಟ್ಟಿಯನ್ನ ನಿಮ್ಮ ಹೊಸ ಕರಾರಿನ ಅನುಬಂಧ 2 ಮಾಡ್ಸಿ, ಆಮೇಲೆ ಚೆಕ್ಕು ಬರೀರಿ.